ಅತ್ತೆ ಸೊಸೆ ಒಂದೇ ಸಂಘದಲ್ಲಿ ಕೂತಾಗ

"ನಮ್ಮತ್ತಿ ಮೊದಲೇ ಸಂಘದಾಗ ಅದಾರ್ರಿ, ನಾನೂ ಸೇರಬಹುದೇನ್ರಿ?"

ಕಲಬುರಗಿ ಜಿಲ್ಲೆಯ ನಂದೂರಿನಂಥ ಊರುಗಳಲ್ಲಿ ಸ್ವಸಹಾಯ ಸಂಘದ ಬಗ್ಗೆ ತಿಳಿದುಕೊಳ್ಳಲು ಬರುವ ಹೊಸ ಹೆಣ್ಣುಮಕ್ಕಳಲ್ಲಿ ಒಬ್ಬಳಾದರೂ ಈ ಪ್ರಶ್ನೆ ಕೇಳುತ್ತಾಳೆ. ವಾರಕ್ಕೆ ಎಷ್ಟು ಕಟ್ಟಬೇಕು, ಬಡ್ಡಿ ಎಷ್ಟು ಎಂದು ಗಟ್ಟಿಯಾಗಿ ಕೇಳಿದವಳೇ ಅತ್ತೆಯ ಮಾತು ಬಂದಾಗ ದನಿ ಇಳಿಸುತ್ತಾಳೆ. ಅತ್ತೆ ಮಾತ್ರವಲ್ಲ, ನೆಗೆಣ್ಣಿ ಇರಬಹುದು, ಅಕ್ಕ ತಂಗಿ ಇರಬಹುದು, ತಾಯಿ ಮಗಳೂ ಇರಬಹುದು. ಒಂದೇ ಮನೆಯವರು ಒಂದೇ ಸಂಘದಲ್ಲಿ ಕೂತರೆ ಉಳಿದವರಿಗೆ ಅನ್ಯಾಯವಾಗುತ್ತದೆಯೇ? ಕೂರಬೇಡಿ ಎಂದರೆ ಆ ಮನೆಯ ಹೆಣ್ಣುಮಕ್ಕಳಿಗೆ ಅನ್ಯಾಯವಾಗುತ್ತದೆಯೇ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಹೊಸದಾಗಿ ಸೇರುವವರು ಇವುಗಳಿಗೆ ಉತ್ತರ ತಿಳಿದುಕೊಂಡೇ ಸೇರಬೇಕು ಎನ್ನುವುದು ನನ್ನ ಆಸೆ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ, ಸಮಾಧಾನದಿಂದ ಓದಿ.

ಸ್ವಸಹಾಯ ಸಂಘವೆಂದರೆ ಹತ್ತರಿಂದ ಇಪ್ಪತ್ತು ಹೆಣ್ಣುಮಕ್ಕಳ ಸಣ್ಣ ಗುಂಪು. ವಾರಕ್ಕೊಮ್ಮೆ ಸೇರುತ್ತಾರೆ, ಸಮನಾದ ಮೊತ್ತ ಉಳಿತಾಯ ಕಟ್ಟುತ್ತಾರೆ, ಆ ಹಣವನ್ನೇ ತಮ್ಮೊಳಗೆ ಸಾಲ ಕೊಡುತ್ತಾರೆ, ಕಂತು ವಸೂಲಿ ಮಾಡುತ್ತಾರೆ, ಲೆಕ್ಕ ಬರೆಯುತ್ತಾರೆ. ತಪ್ಪದ ಸಭೆ, ತಪ್ಪದ ಉಳಿತಾಯ, ಒಳಸಾಲ, ತಪ್ಪದ ಮರುಪಾವತಿ, ಸರಿಯಾದ ಪುಸ್ತಕ, ಇವನ್ನು ಪಂಚಸೂತ್ರ ಎನ್ನುತ್ತಾರೆ. ಇವು ಸರಿಯಿದ್ದರೆ ಬ್ಯಾಂಕು ಯಾವ ಆಸ್ತಿಯ ಅಡಮಾನವೂ ಇಲ್ಲದೆ ಸಂಘಕ್ಕೆ ಸಾಲ ಕೊಡುತ್ತದೆ. ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಸಂಘಗಳಿವೆ, ಸಂಜೀವಿನಿ ಯೋಜನೆಯ ಸಂಘಗಳಿವೆ. ಸಂಜೀವಿನಿಯಲ್ಲಿ ಊರಿನ ಸಂಘಗಳೆಲ್ಲ ಸೇರಿ ವಾರ್ಡ್ ಮಟ್ಟದ ಒಕ್ಕೂಟ, ಅದರ ಮೇಲೆ ಗ್ರಾಮ ಪಂಚಾಯತಿ ಮಟ್ಟದ ಒಕ್ಕೂಟ ಆಗುತ್ತವೆ.

ಈ ಪದ್ಧತಿ ಕರ್ನಾಟಕದ ನೆಲದಲ್ಲೇ ರೂಪುಗೊಂಡದ್ದು ಎಂಬುದನ್ನು ಹೊಸ ಸದಸ್ಯೆಯರಿಗೆ ನಾನು ತಪ್ಪದೆ ಹೇಳುತ್ತೇನೆ. ಸಹಕಾರದ ಬೇರು ಇನ್ನೂ ಹಳೆಯದು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಎಂಬತ್ತು ವರ್ಷಗಳ ನಂತರ, 1984–85ರ ಸುಮಾರಿಗೆ, ಮೈರಾಡ ಎಂಬ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ಕೆಲವು ದೊಡ್ಡ ಸಹಕಾರ ಸಂಘಗಳು ಒಡೆದವು. ಮುಂದಾಳುಗಳ ಮೇಲೆ ಸದಸ್ಯರಿಗೆ ನಂಬಿಕೆ ಹೋಗಿತ್ತು. ಸಾಲ ತೀರಿಸಲು ಅವರು ತಯಾರಿದ್ದರು, ಆ ಸಂಘದ ಕೈಗೆ ಮಾತ್ರ ಕೊಡಲು ಒಪ್ಪಲಿಲ್ಲ. ಹಾಗಿದ್ದರೆ ನಿಮ್ಮ ಸಣ್ಣ ಗುಂಪಿಗೇ ಕಟ್ಟಿಕೊಳ್ಳಿ ಎಂದು ಸಂಸ್ಥೆ ಹೇಳಿತು. ಪರಸ್ಪರ ನಂಬಿಕೆ ಇದ್ದವರು ತಾವೇ ಕೂಡಿ ಕೂತ ಆ ಗುಂಪುಗಳಿಗೆ 1987ರಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್‌ನ ಬೆಂಬಲ ಸಿಕ್ಕಿತು. 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ದೇಶಮಟ್ಟದಲ್ಲಿ ಶುರುವಾಯಿತು.

ಈ ಕಥೆಯಲ್ಲಿ ನಮ್ಮ ವಿಷಯ ಅಡಗಿದೆ. ಸಂಘ ನಿಂತಿರುವುದು ನಂಬಿಕೆಯ ಮೇಲೆ. ನಂಬಿಕೆ ಎಲ್ಲಕ್ಕಿಂತ ಮೊದಲು ಹುಟ್ಟುವುದು ರಕ್ತಸಂಬಂಧದಲ್ಲಿ. ಆದರೆ ಬರೀ ಸಂಬಂಧಿಕರೇ ತುಂಬಿಕೊಂಡರೆ ಆ ಸಂಘದ ಮೇಲೆ ಹೊರಗಿನವಳ ನಂಬಿಕೆ ಕಳಚುತ್ತದೆ. ಹೀಗಾಗಿಯೇ ನಬಾರ್ಡ್‌ನ ಮಾರ್ಗದರ್ಶನದಲ್ಲಿ ಒಂದು ಮನೆಯಿಂದ ಒಬ್ಬರೇ ಸದಸ್ಯರಿರಲಿ ಎಂಬ ಮಾತು ಸೇರಿತು. ಹೆಚ್ಚು ಮನೆಗಳಿಗೆ ಸಂಘ ತಲುಪಲಿ ಎಂಬುದು ಅದರ ಕಾರಣ. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನವೂ ಪ್ರತಿ ಬಡ ಕುಟುಂಬದಿಂದ ಕನಿಷ್ಠ ಒಬ್ಬ ಹೆಣ್ಣುಮಗಳು ಸಂಘದೊಳಗೆ ಬರಬೇಕು ಎನ್ನುತ್ತದೆ. ಒಂದು ಮಾತು "ಒಬ್ಬರೇ" ಎನ್ನುತ್ತದೆ, ಇನ್ನೊಂದು "ಕನಿಷ್ಠ ಒಬ್ಬರು" ಎನ್ನುತ್ತದೆ. ಆ ನಡುವಿನ ಜಾಗದಲ್ಲೇ ಅತ್ತೆ ಸೊಸೆಯರ ಪ್ರಶ್ನೆ ನಿಂತಿರುವುದು.

ನಿಯಮವನ್ನು ಬಾಯಿಪಾಠ ಮಾಡಿದರೆ ಸಾಲದು, ಲೆಕ್ಕ ಹಾಕಿ ನೋಡಬೇಕು. ಹನ್ನೆರಡು ಮಂದಿಯ ಸಂಘವೊಂದನ್ನು ಕಲ್ಪಿಸಿಕೊಳ್ಳಿ. ತಲೆಗೆ ವಾರಕ್ಕೆ 50 ರೂಪಾಯಿ. ವಾರಕ್ಕೆ 600, ವರ್ಷದ 52 ವಾರಕ್ಕೆ 31,200 ರೂಪಾಯಿ. ಈ ಹನ್ನೆರಡರಲ್ಲಿ ಐದು ಮಂದಿ ಒಂದೇ ದೊಡ್ಡ ಮನೆಯವರು ಎಂದುಕೊಳ್ಳಿ: ಅತ್ತೆ, ಮೂವರು ಸೊಸೆಯಂದಿರು, ಒಬ್ಬಳು ಮಗಳು. ಜೂನ್ ಬಂತು, ಮುಂಗಾರು ಬಿತ್ತನೆ. ತೊಗರಿ ಬೀಜ, ಗೊಬ್ಬರ ಎಲ್ಲರಿಗೂ ಒಂದೇ ಸಲ ಬೇಕು. ಆ ಮನೆಯ ಐವರೂ ತಲಾ 5,000 ಸಾಲ ಕೇಳಿ ಪಡೆದರೆ 25,000 ರೂಪಾಯಿ ಒಂದೇ ಬಾಗಿಲೊಳಗೆ ಹೋಯಿತು. ಉಳಿದ ಏಳು ಮಂದಿ ವರ್ಷವಿಡೀ ಕಟ್ಟಿದ್ದು 18,200, ಅವರ ಪಾಲಿಗೆ ಉಳಿದದ್ದು 6,200. ಯಾರೂ ಕದ್ದಿಲ್ಲ, ಯಾರೂ ಸುಳ್ಳು ಹೇಳಿಲ್ಲ. ಪ್ರತಿಯೊಬ್ಬಳೂ ತನ್ನ ಹಕ್ಕಿನ ಸಾಲವನ್ನೇ ಕೇಳಿದ್ದಾಳೆ. ಆದರೂ ಬೇರೆ ಮನೆಯವಳಿಗೆ ಬೀಜದ ದುಡ್ಡು ಸಿಗಲಿಲ್ಲ.

ಮತದ ಲೆಕ್ಕವನ್ನೂ ನೋಡಿ. ಹನ್ನೆರಡರಲ್ಲಿ ಐದು ಬಹುಮತವಲ್ಲ. ಆದರೆ ತೊಗರಿ ಕಟಾವಿನ ಕಾಲದಲ್ಲಿ ಸಭೆಗೆ ಹನ್ನೆರಡೂ ಮಂದಿ ಬರುವುದು ಅಪರೂಪ. ಯಾರೋ ಕೂಲಿಗೆ ಹೋಗಿರುತ್ತಾರೆ, ಯಾರೋ ದಾಲ್ ಮಿಲ್ಲಿಗೆ, ಯಾರೋ ನಂದೂರ–ಕೆಸರಟಗಿ ಕೈಗಾರಿಕಾ ಪ್ರದೇಶದ ಕೆಲಸಕ್ಕೆ. ಎಂಟು ಮಂದಿ ಬಂದ ದಿನ ಆ ಐವರು ಬಂದಿದ್ದರೆ ಅವರದೇ ಬಹುಮತ. ಒಂದೇ ಮನೆಯವರು ಕೂಡಿಯೇ ಬರುತ್ತಾರೆ, ಕೂಡಿಯೇ ಹೋಗುತ್ತಾರೆ. ಅದು ಸಹಜ. ಆದ್ದರಿಂದ ಅವರ ಬಲ ಪುಸ್ತಕದಲ್ಲಿ ಕಾಣುವುದಕ್ಕಿಂತ ಸಭೆಯಲ್ಲಿ ಹೆಚ್ಚು.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಸಂಘದ ಸಾಲಕ್ಕೆ ಜಾಮೀನು ಯಾವುದು? ಒಬ್ಬಳ ಕಂತು ತಪ್ಪಿದರೆ ಉಳಿದವರು ಕೇಳುತ್ತಾರೆ, ಸಹಾಯ ಮಾಡುತ್ತಾರೆ, ಒತ್ತಡ ಹಾಕುತ್ತಾರೆ ಎಂಬುದೇ ಜಾಮೀನು. ಐವರ ಅನ್ನ ಒಂದೇ ಹೊಲದಿಂದ ಬರುತ್ತಿದ್ದರೆ, ಆ ಹೊಲದ ತೊಗರಿಗೆ ಗೊಡ್ಡುರೋಗ ಬಿದ್ದ ವರ್ಷ ಐದೂ ಕಂತು ಒಂದೇ ವಾರ ನಿಲ್ಲುತ್ತವೆ. ಆಗ ಅವರನ್ನು ಕೇಳುವವರು ಯಾರು? ಸೊಸೆ ಅತ್ತೆಯನ್ನು ಕೇಳುತ್ತಾಳೆಯೇ? ಉಳಿದ ಏಳು ಮಂದಿಯ ಉಳಿತಾಯ ಕರಗುತ್ತದೆ, ಬ್ಯಾಂಕಿನಲ್ಲಿ ಸಂಘದ ಹೆಸರು ಕೆಡುತ್ತದೆ.

ಇಷ್ಟು ಓದಿದವರಿಗೆ ಒಂದು ಮನೆಯಿಂದ ಒಬ್ಬರೇ ಎನ್ನುವುದೇ ಸರಿ ಅನಿಸಬಹುದು. ಇನ್ನೊಂದು ಬದಿಯನ್ನೂ ನೋಡೋಣ.

ಆ ಒಬ್ಬರು ಯಾರು? ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಅದು ಅತ್ತೆ. ಸಂಘ ಶುರುವಾದಾಗ ಹೆಸರು ಬರೆಸಿದವರು ಅವರು. ಮದುವೆಯಾಗಿ ಬಂದ ಸೊಸೆಗೆ ಅಲ್ಲಿ ಜಾಗವಿಲ್ಲ. ಅವಳು ಹೊಲಿಗೆ ಕಲಿತಿರಬಹುದು, ಹತ್ತನೆಯ ತರಗತಿ ಓದಿರಬಹುದು, ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ಲೆಕ್ಕ ಬರೆಯಬಲ್ಲವಳೂ ಆಗಿರಬಹುದು. ಆದರೆ ಅವಳ ಹೆಸರಿಗೆ ಒಂದು ರೂಪಾಯಿ ಉಳಿತಾಯವಿಲ್ಲ. ಹೆರಿಗೆಗೋ ಮಗುವಿನ ಔಷಧಿಗೋ ದುಡ್ಡು ಬೇಕಾದರೆ ಅತ್ತೆಯ ಮೂಲಕ ಕೇಳಬೇಕು. ಮನೆಯನ್ನು ಒಂದೇ ಘಟಕವೆಂದು ಎಣಿಸಿದಾಗ ಮನೆಯೊಳಗಿನ ದುರ್ಬಲಳು ಲೆಕ್ಕಕ್ಕೇ ಸಿಗುವುದಿಲ್ಲ. ಈ ಅನ್ಯಾಯ ಸಣ್ಣದಲ್ಲ, ಇದನ್ನು ನಾನು ಜೋರಾಗಿಯೇ ಹೇಳುತ್ತೇನೆ.

ಅಲ್ಲದೆ ಮನೆ ಎಂದರೇನು? ಗೋಡೆ ಒಂದೇ ಇದ್ದು ಒಲೆ ಎರಡಿರಬಹುದು. ಒಲೆ ಒಂದೇ ಇದ್ದು ಹೊಲ ಪಾಲಾಗಿರಬಹುದು. ರೇಷನ್ ಕಾರ್ಡು ಒಂದು ಹೇಳುತ್ತದೆ, ಊರಿನ ಮಾತು ಇನ್ನೊಂದು ಹೇಳುತ್ತದೆ. ಬ್ಯಾಂಕು ಮತ್ತು ಮೈಕ್ರೋಫೈನಾನ್ಸ್ ಕಂಪನಿಗಳ ಕಿರುಸಾಲಕ್ಕಾಗಿ ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮದಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳು. ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು ಎಂದೂ ಅದರಲ್ಲಿದೆ. ಈ ಅರ್ಥದಂತೆ ಅತ್ತೆ ಒಂದು ಕುಟುಂಬ, ಮದುವೆಯಾದ ಮಗ ಮತ್ತು ಸೊಸೆ ಇನ್ನೊಂದು ಕುಟುಂಬ, ಒಂದೇ ಸೂರಿನಡಿ ಇದ್ದರೂ ಸರಿಯೇ. ಆ ನಿಯಮ ಬರೆದದ್ದು ಸಾಲ ಕೊಡುವ ಸಂಸ್ಥೆಗಳಿಗೆ, ನಿಮ್ಮ ಸಂಘದ ಒಳಸಾಲಕ್ಕಲ್ಲ. ಆದರೆ ಮನೆ ಯಾವುದು ಎಂದು ನೀವು ಚರ್ಚೆ ಮಾಡುವಾಗ ಅದು ಒಳ್ಳೆಯ ಅಳತೆಗೋಲು.

ಹಾಗಾದರೆ ಏನು ಮಾಡಬೇಕು? ನನ್ನ ತೀರ್ಮಾನ ಇದು. ಮಾತಾಡಲು, ಉಳಿತಾಯ ಕಟ್ಟಲು, ಮತ ಹಾಕಲು ಆಳನ್ನು ಎಣಿಸಿ. ಸಾಲ ಹಂಚಲು, ಬ್ಯಾಂಕಿನ ಸಹಿಗೆ, ಪುಸ್ತಕ ಬರೆಯುವ ಹೊಣೆಗೆ ಮನೆಯನ್ನು ಎಣಿಸಿ. ಸದಸ್ಯಳಾಗುವುದು ಒಂದು, ಸಂಘದ ಬೀಗದ ಕೈ ಹಿಡಿಯುವುದು ಇನ್ನೊಂದು. ಇವೆರಡನ್ನು ಕಲಸಿದಾಗಲೇ ಜಗಳ ಬರುವುದು.

ಎಲ್ಲಕ್ಕಿಂತ ಸುಲಭದ ದಾರಿ, ಊರಲ್ಲಿ ಎರಡು ಸಂಘಗಳಿದ್ದರೆ ಅತ್ತೆ ಒಂದರಲ್ಲಿ, ಸೊಸೆ ಇನ್ನೊಂದರಲ್ಲಿ ಇರುವುದು. ಇಬ್ಬರ ಹೆಸರಿಗೂ ಉಳಿತಾಯ ಬೆಳೆಯುತ್ತದೆ, ಇಬ್ಬರಿಗೂ ತಮ್ಮದೇ ಗೆಳತಿಯರು ಸಿಗುತ್ತಾರೆ, ಒಂದು ಹೊಲದ ನಷ್ಟ ಒಂದೇ ಸಂಘದ ಮೇಲೆ ಬೀಳುವುದಿಲ್ಲ. ಒಕ್ಕೂಟದ ಸಭೆಯಲ್ಲಿ ಬೇಕಾದರೆ ಇಬ್ಬರೂ ಸೇರಲಿ. ಸಾಧ್ಯವಿದ್ದ ಕಡೆಯೆಲ್ಲ ಇದನ್ನೇ ಮಾಡಿ.

ಸಣ್ಣ ಓಣಿಯಲ್ಲಿ ಒಂದೇ ಸಂಘವಿದ್ದರೆ ಕೂಡಿಯೇ ಕೂರಬೇಕಾಗುತ್ತದೆ. ಆಗ ಮೊದಲ ಸಭೆಯಲ್ಲೇ ಸಂಬಂಧವನ್ನು ಬಾಯಿಬಿಟ್ಟು ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಊರಿಗೆಲ್ಲ ಗೊತ್ತಿದ್ದ ಸಂಗತಿಯನ್ನು ಬರೆಯುವುದೇಕೆ ಎಂದು ಕೇಳುತ್ತಾರೆ. ನಾಳೆ ಬ್ಯಾಂಕಿನವರು, ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರ್ತಿ (ಎಂಬಿಕೆ), ಹೊಸ ಸದಸ್ಯೆ ಪುಸ್ತಕ ತೆರೆದಾಗ ಅವರಿಗೂ ಗೊತ್ತಾಗಬೇಕಲ್ಲ. ಆಮೇಲೆ ಸಂಘದ ಇಬ್ಬರು ಪ್ರತಿನಿಧಿಗಳು ಬೇರೆ ಬೇರೆ ಮನೆಯವರಾಗಿರಲಿ. ಬ್ಯಾಂಕಿನಿಂದ ಹಣ ತೆಗೆಯಲು ಇಬ್ಬರ ಸಹಿ ಬೇಕು ಎನ್ನುವುದರ ಅರ್ಥ ಒಬ್ಬರ ಮೇಲೆ ಇನ್ನೊಬ್ಬರ ಕಣ್ಣಿರಲಿ ಎಂದು. ಎರಡೂ ಸಹಿ ಒಂದೇ ಮನೆಯ ಕಟ್ಟೆಯ ಮೇಲೆ ಬೀಳುವುದಾದರೆ ಅದು ಒಂದೇ ಸಹಿ. ಪುಸ್ತಕ ಬರೆಯುವವಳು ಪ್ರತಿನಿಧಿಯ ಮಗಳೋ ಸೊಸೆಯೋ ಆಗಿದ್ದರೆ ವರ್ಷಕ್ಕೊಮ್ಮೆಯಾದರೂ ಬೇರೆ ಸಂಘದವರಿಂದ ಲೆಕ್ಕ ನೋಡಿಸಿ.

ತನ್ನ ಮನೆಯವಳ ಸಾಲದ ಅರ್ಜಿ ಬಂದಾಗ ಸಂಬಂಧಿ ತೀರ್ಮಾನದಿಂದ ಹಿಂದೆ ಸರಿಯಬೇಕು. "ಇದು ನಮ್ಮ ಸೊಸಿ ಸಾಲದ ಮಾತು, ನೀವೇ ನಿರ್ಧಾರ ಮಾಡ್ರಿ" ಎಂದು ಅತ್ತೆ ಹೇಳಿದರೆ ಅವರ ಗೌರವ ಹೆಚ್ಚುತ್ತದೆ. ಅತ್ತೆ ಪರವಾಗಿ ಮಾತಾಡಿದರೆ ಪಕ್ಷಪಾತ ಎನ್ನುತ್ತಾರೆ, ವಿರೋಧವಾಗಿ ಮಾತಾಡಿದರೆ ಮನೆಯ ಜಗಳ ಸಭೆಗೆ ಬಂತು ಎನ್ನುತ್ತಾರೆ. ಎರಡರಿಂದಲೂ ಅವರನ್ನು ಕಾಪಾಡುವ ಪದ್ಧತಿ ಇದು. ಸಾಲ ಹಂಚುವಾಗ ಮೊದಲ ಸುತ್ತಿನಲ್ಲಿ ಮನೆಗೊಂದು, ಹಣ ಉಳಿದರೆ ಎರಡನೆಯ ಸುತ್ತು ಎಂದು ಠರಾವು ಮಾಡಿಕೊಳ್ಳಿ. ಜೂನ್‌ನಲ್ಲಿ ಬೀಜದ ಅವಸರ ಬಂದಾಗ ಮಾಡಲು ಹೋದರೆ ಅದು ಯಾರದೋ ವಿರುದ್ಧ ಮಾಡಿದ ಠರಾವಾಗುತ್ತದೆ. ಬೇಸಿಗೆಯಲ್ಲೇ, ಯಾರ ಅರ್ಜಿಯೂ ಮುಂದಿಲ್ಲದಾಗ ಮಾಡಿ.

ಮಾತಿನ ವಿಷಯಕ್ಕೆ ಬರೋಣ. ಅತ್ತೆ "ಆತು" ಎಂದ ಮೇಲೆ ಸೊಸೆ "ಬ್ಯಾಡ" ಎನ್ನುವುದು ನಮ್ಮ ಮನೆಗಳಲ್ಲಿ ಎಷ್ಟು ಕಷ್ಟ ಎಂದು ನಿಮಗೆ ನಾನು ಹೇಳಬೇಕಿಲ್ಲ. ಆದ್ದರಿಂದ ಅಭಿಪ್ರಾಯ ಕೇಳುವಾಗ ಕಿರಿಯವಳಿಂದ ಶುರು ಮಾಡಿ, ಹಿರಿಯರು ಕೊನೆಗೆ ಹೇಳಲಿ. ಪ್ರತಿನಿಧಿಯ ಆಯ್ಕೆಯಂಥ ದೊಡ್ಡ ವಿಷಯಕ್ಕೆ ಕೈ ಎತ್ತಿಸಬೇಡಿ. ಓದು ಬಾರದವರೂ ಹಾಕಬಹುದಾದ ಗುಟ್ಟಿನ ಮತ ಸುಲಭ: ಒಬ್ಬರಿಗೆ ಜೋಳದ ಕಾಳು, ಇನ್ನೊಬ್ಬರಿಗೆ ತೊಗರಿ ಕಾಳು, ಬಾಯಿ ಕಟ್ಟಿದ ಒಂದು ಗಡಿಗೆ. ಯಾವ ಕಾಳು ಯಾರ ಕೈಯಿಂದ ಬಿತ್ತು ಎಂದು ಅತ್ತೆಗೂ ತಿಳಿಯುವುದಿಲ್ಲ, ಸೊಸೆಗೂ ತಿಳಿಯುವುದಿಲ್ಲ.

ಗಡಿಗೆಯ ಮಾತು ಬಂದದ್ದಕ್ಕೆ ಒಂದು ಹಳೆಯ ಸಂಗತಿ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಹತ್ತನೆಯ ಶತಮಾನದ, ಪರಾಂತಕ ಚೋಳನ ಕಾಲದ ಶಾಸನವಿದೆ. ಊರ ಸಭೆಯ ಸಮಿತಿಗಳಿಗೆ ಗಡಿಗೆಯಲ್ಲಿ ಓಲೆಗರಿ ಹಾಕಿ, ಚೀಟಿ ಎತ್ತಿದಂತೆ ಎತ್ತಿ ಆರಿಸುವ ಕ್ರಮ ಅದರಲ್ಲಿದೆ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು ಮತ್ತೆ ನಿಲ್ಲುವಂತಿಲ್ಲ. ಅವನಷ್ಟೇ ಅಲ್ಲ, ಅವನ ಅಣ್ಣತಮ್ಮಂದಿರು, ಮಾವ, ಅಳಿಯ, ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳು ಎಂದು ಉದ್ದದ ಪಟ್ಟಿಯೇ ಇದೆ, ಅವರೂ ನಿಲ್ಲುವಂತಿಲ್ಲ. ಹಣದ ಹೊಣೆ ಒಂದೇ ಮನೆಯೊಳಗೆ ಕೈ ಬದಲಾಯಿಸಬಾರದು ಎಂಬ ಎಚ್ಚರ ಸಾವಿರ ವರ್ಷಗಳ ಹಿಂದೆಯೂ ಇತ್ತು. ಆದರೆ ಗಮನಿಸಿ, ಆ ನಿಷೇಧ ಅಧಿಕಾರಕ್ಕೆ. ಅದನ್ನೇ ನಾವು ಸದಸ್ಯತ್ವಕ್ಕೂ ಎಳೆದರೆ ತಪ್ಪು ಮಾಡದವಳಿಗೂ ಶಿಕ್ಷೆಯಾಗುತ್ತದೆ.

ಈ ಶಿಕ್ಷೆಯ ಪ್ರಶ್ನೆ ಸಂಘಗಳಲ್ಲಿ ಬರುತ್ತಲೇ ಇರುತ್ತದೆ. ಅತ್ತೆ ಮೂರು ಕಂತು ತಪ್ಪಿದ್ದಾರೆ, ಈಗ ಸೊಸೆ ಸಾಲ ಕೇಳುತ್ತಿದ್ದಾಳೆ. "ಮೊದಲು ನಿಮ್ಮತ್ತಿ ಬಾಕಿ ಕಟ್ಟು" ಎನ್ನಬಹುದೇ? ನನ್ನ ಉತ್ತರ, ಎನ್ನಬಾರದು. ಸೊಸೆಯ ಪಾಸ್‌ಬುಕ್ ಬೇರೆ, ಅವಳ ಹಾಜರಿ ಬೇರೆ, ಅವಳು ತಪ್ಪದೆ ಕಟ್ಟಿದ ವಾರಗಳು ಅವಳವು. ಆದರೆ ಸಂಘ ಇನ್ನೊಂದನ್ನು ಕೇಳಬಹುದು, ಕೇಳಲೇಬೇಕು: ಈ ಹಣ ನಿನಗೇನಾ, ಅಥವಾ ಅತ್ತೆಯ ಬಾಕಿ ತುಂಬಲು ನಿನ್ನ ಹೆಸರೇ? ಮನೆಯ ಮೇಲೆ ಬೇರೆ ಎಷ್ಟು ಸಾಲವಿದೆ? ಒಂದೇ ಮನೆಗೆ ನಾಲ್ಕು ಕಡೆಯಿಂದ ಕಿರುಸಾಲ ಬಂದು ವಸೂಲಿಯವರ ಕಾಟ ಎಷ್ಟು ಬೆಳೆಯಿತೆಂದರೆ 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಸಂಘ ಈ ಪ್ರಶ್ನೆ ಕೇಳುವುದು ಅವಮಾನಿಸಲು ಅಲ್ಲ, ಹೊರೆ ಎಷ್ಟಿದೆ ಎಂದು ತಿಳಿದು ಸಾಲದ ಮೊತ್ತವನ್ನು ಅಳೆಯಲು.

ಗಂಡಂದಿರ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಏಕೆಂದರೆ ಅಲ್ಲಿ ಗೊಂದಲವೇನೂ ಇಲ್ಲ. ಪಂಚಾಯತಿಯಲ್ಲಿ ಅಧ್ಯಕ್ಷೆಯ ಕುರ್ಚಿಯ ಪಕ್ಕ ಗಂಡ ಕೂತು ಆಡಳಿತ ನಡೆಸುವುದನ್ನು ನೋಡಿದ್ದೇವೆ. ಅದನ್ನು ತಡೆಯುವುದು ಹೇಗೆ ಎಂದು ಪರಿಶೀಲಿಸಲು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 2023ರಲ್ಲಿ ಸಮಿತಿಯನ್ನೇ ಮಾಡಿತು. ಸಂಘದಲ್ಲಿ ಹೆಂಡತಿಯ ಬದಲು ಗಂಡನೋ ಮಗನೋ ಬಂದು ಕೂರುವಂತಿಲ್ಲ, ಸಹಿ ಮಾಡುವಂತಿಲ್ಲ, ಮಾತಾಡುವಂತಿಲ್ಲ.

ಇಷ್ಟೆಲ್ಲ ಓದಿ, ಸಂಬಂಧಿಕರು ಒಂದೇ ಸಭೆಯಲ್ಲಿರುವುದೇ ತೊಂದರೆ ಎಂದು ತಿಳಿಯಬೇಡಿ. ನಂದೂರಿನವರು ಕಲಬುರಗಿಗೆ ಬಂದು ಕಮಲಾಪುರದ ದಾರಿ ಹಿಡಿದು ಹುಮನಾಬಾದ್ ದಾಟಿದರೆ ಬಸವಕಲ್ಯಾಣ. ಅಲ್ಲಿನ ಹನ್ನೆರಡನೆಯ ಶತಮಾನದ ಶರಣರ ಬಳಗದಲ್ಲಿ ಬಸವಣ್ಣನವರ ಜೊತೆ ಅಕ್ಕ ನಾಗಮ್ಮ ಇದ್ದರು, ಅವರ ಮಗ ಚೆನ್ನಬಸವಣ್ಣ ಇದ್ದರು, ಬಸವಣ್ಣನವರ ಮಡದಿಯರಾದ ಗಂಗಾಂಬಿಕೆ, ನೀಲಾಂಬಿಕೆ ಇದ್ದರು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಇದ್ದರು. ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವರು ಬೇಕಾದದ್ದಕ್ಕಿಂತ ಹೆಚ್ಚು ತಂದಾಗ, ಇದು ಅತಿಯಾಸೆ, ತೆಗೆದುಕೊಂಡ ಕಡೆಯೇ ಸುರಿದು ಬನ್ನಿ ಎಂದು ಲಕ್ಕಮ್ಮ ತಿರುಗಿ ಕಳಿಸಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಗಂಡನಾದರೇನು, ಸಮುದಾಯದ ಪಾಲಿನದನ್ನು ಹೆಚ್ಚು ತಂದರೆ ಒಳಗಿನವಳೇ ಮೊದಲು ತಡೆದಳು. ಲಕ್ಕಮ್ಮನ ವಚನಗಳಿಗೆ ಅವಳದೇ ಅಂಕಿತವಿದೆ. ಅದರಲ್ಲಿ ಮಾರಯ್ಯನ ಹೆಸರೂ ಇದೆ, ಆದರೆ ಮಾತು ಅವಳದು. ಒಂದೇ ಮನೆಯವರು ಒಂದೇ ಬಳಗದಲ್ಲಿ ಹೇಗಿರಬಹುದು ಎಂಬುದಕ್ಕೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ನಮ್ಮ ಜಿಲ್ಲೆಯ ಸಂಘಗಳಲ್ಲಿ ಸಾಲದ ಜೊತೆ ಸಂಪಾದನೆಯೂ ಬಂದಿದೆ. ಹೆಣ್ಣುಮಕ್ಕಳು ಬಡಿದ ಜೋಳದ ರೊಟ್ಟಿ "ಕಲಬುರಗಿ ರೊಟ್ಟಿ" ಎಂಬ ಹೆಸರಿನಲ್ಲಿ ದೂರದ ಊರುಗಳಿಗೂ ಹೋಗುತ್ತಿದೆ. 2025ರ ಜೂನ್‌ನಲ್ಲಿ ಪ್ರಧಾನಿ ತಮ್ಮ ಮನ್ ಕಿ ಬಾತ್‌ನಲ್ಲಿ ಅದನ್ನು ಪ್ರಸ್ತಾಪಿಸಿದರು. ಆರ್ಡರ್ ಬಂದಾಗ ಯಾರಿಗೆ ಎಷ್ಟು ರೊಟ್ಟಿ ಎಂದು ಹಂಚುವವಳ ಕೈಯಲ್ಲಿ ದೊಡ್ಡ ಶಕ್ತಿಯಿದೆ. ಅವಳ ಮನೆಗೆ ಮದುವೆ ಸೀಸನ್ನಿನ ಆರ್ಡರು, ಬೇರೆಯವರಿಗೆ ಉಳಿದದ್ದು ಎಂದಾದರೆ ಸಂಘ ಒಂದೇ ವರ್ಷದಲ್ಲಿ ಒಡೆಯುತ್ತದೆ. ಹಂಚಿಕೆಯ ಚೀಟಿಯನ್ನು ಗೋಡೆಗೆ ಅಂಟಿಸಿ. ಒಂದೇ ಮನೆಯ ಇಬ್ಬರು ಬಡಿದರೆ ದುಡ್ಡು ಇಬ್ಬರ ಖಾತೆಗೂ ಬೇರೆ ಬೇರೆ ಹೋಗಲಿ. ಅತ್ತೆ ಹಿಟ್ಟು ಕಲಸಿ ಸೊಸೆ ಬಡಿದಿದ್ದರೂ ಅಷ್ಟೇ, ಇಬ್ಬರೂ ಕೂತು ಪಾಲು ಮಾತಾಡಿಕೊಳ್ಳಲಿ.

ಮೊದಲ ಸಭೆಗೆ ಹೋಗುವ ತಂಗಿಯರಲ್ಲಿ ನನ್ನ ವಿನಂತಿ. ಅತ್ತೆ ಅಲ್ಲಿದ್ದಾರೆ ಎಂದು ಹಿಂಜರಿಯಬೇಡಿ, ಅತ್ತೆ ಅಲ್ಲಿದ್ದಾರೆ ಎಂದು ಧೈರ್ಯವಾಗಿ ಮುಂದಿನ ಸಾಲಿನಲ್ಲೂ ಕೂರಬೇಡಿ. ನಡಾವಳಿ ಪುಸ್ತಕವನ್ನು ಎಲ್ಲರಿಗೂ ಕೇಳುವಂತೆ ಓದಿಸಿ, ಒಂದು ಮನೆಯ ಸದಸ್ಯರ ಬಗ್ಗೆ ಠರಾವು ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಮಾಡಲು ಹೇಳಿ. ಕೇಳಿದ್ದಕ್ಕೆ ಯಾರಾದರೂ ಸಿಟ್ಟಾದರೆ ಒಕ್ಕೂಟದ ಸಭೆಯಲ್ಲಿ ಕೇಳಿ. ನಿಮ್ಮ ಹೆಸರಿನ ಪಾಸ್‌ಬುಕ್ಕನ್ನು ನೀವೇ ಇಟ್ಟುಕೊಳ್ಳಿ, ಓದಿಸದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಹೆಬ್ಬೆಟ್ಟನ್ನೂ ಒತ್ತಬೇಡಿ.